ಕೋಟೆಮಲೆಯಲ್ಲಿ ಬಿಡಿಸಿದ ಅಂಗಾಲು

ಕೋಟೆಮಲೆ, ಕಡಬ ತಾಲೂಕು
ಮೇ 9, ಶುಕ್ರವಾರ

ಪ್ರೀತಿಯ ಇವರಿಗೆ,

ಹೆಸರು ಬರೆಯೋಣ ಅಂತ ಹೊರಟೆ, ಕೈ ಬರಲಿಲ್ಲ. ಮದುವೆಯಾದಂದಿನಿಂದ ‘ಇವರೇ’ ಅಂತಲೇ ಕರೆದು ಅಭ್ಯಾಸ, ಕಾಗದದಲ್ಲಿಯೂ ಅದೇ ಇರಲಿ. ಹೇಗಿದ್ದೀರಿ? ಬೆನ್ನಿನ ಕೆಳಗಿನ ಹುಣ್ಣು ಒಣಗುತ್ತಾ ಬಂತಾ? ಹೊತ್ತು ಹೊತ್ತಿಗೆ ಮಗ್ಗುಲು ತಿರುಗಿಸಿ ಮಲಗಿಸುತ್ತಾರಾ, ಅಥವಾ ನೀವು ದಾಕ್ಷಿಣ್ಯಕ್ಕೆ ಬಿದ್ದು ಯಾರನ್ನೂ ಕರೆಯದೆ ಸುಮ್ಮನೆ ಮಲಗಿರುತ್ತೀರಾ? ಈ ಸೆಕೆಗೆ ನೀರು ಜಾಸ್ತಿ ಕುಡಿಯಬೇಕು ಅಂತ ಡಾಕ್ಟರು ಹೇಳಿದ್ದು ನೆನಪಿರಲಿ. ಮಜ್ಜಿಗೆ ಕೊಟ್ಟರೆ ಹುಳಿ ಅಂತ ಮುಖ ಸಿಂಡರಿಸಬೇಡಿ. ಇದನ್ನೆಲ್ಲ ಫೋನಿನಲ್ಲಿಯೇ ಕೇಳಬಹುದಿತ್ತು, ಆದರೆ ನೀವು ಫೋನು ಎತ್ತುವುದಿಲ್ಲ. ಪ್ರತಿ ಸಲವೂ ಆಸ್ಪತ್ರೆಯಲ್ಲಿ ನಿಮ್ಮನ್ನು ಎತ್ತಿ ಕೂರಿಸುವ ಇಬ್ರಾಹಿಂ ಅವರೇ ಫೋನು ತೆಗೆದು, “ಮಲಗಿದ್ದಾರೆ ಅಕ್ಕ, ತೊಂದರೆ ಎಂತ ಇಲ್ಲ” ಅನ್ನುತ್ತಾರೆ. ಬೆಳಗ್ಗೆ ಮಾಡಿದರೂ ಮಲಗಿದ್ದಾರೆ, ಸಂಜೆ ಮಾಡಿದರೂ ಮಲಗಿದ್ದಾರೆ. ಅಷ್ಟು ನಿದ್ದೆ ಮಾಡುವ ಜನ ನೀವಲ್ಲ ಅಂತ ನನಗೆ ಗೊತ್ತಿಲ್ಲವಾ? ಪಾಪ, ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅದಕ್ಕೇ ಈ ಕಾಗದವನ್ನು ಅವರ ಹೆಸರಿಗೆ ಕಳಿಸುತ್ತಿದ್ದೇನೆ. ನೀವು ಓದಿ ಮುಗಿಸುವವರೆಗೆ ಮಂಚದ ಹತ್ತಿರದಿಂದ ಏಳುವುದಿಲ್ಲ ಅಂತ ಅವರಿಂದ ಮಾತು ತೆಗೆದುಕೊಂಡಿದ್ದೇನೆ.

ಮೊದಲು ಇಲ್ಲಿಯ ಸುದ್ದಿ. ಕಡಬದಿಂದ ಬರುವ ಜೀಪು ಬೆಟ್ಟದ ಬುಡದಲ್ಲಿ ನಿಲ್ಲುತ್ತದೆ, ಆಮೇಲೆ ಬಲ್ಲಾಳರ ಕಾಲದ ಕಲ್ಲಿನ ಮೆಟ್ಟಿಲು. ಆಗಿನವರ ಕಾಲು ಎಷ್ಟು ಉದ್ದ ಇತ್ತೋ ಏನೋ, ಒಂದೊಂದು ಮೆಟ್ಟಿಲು ಹತ್ತುವಾಗಲೂ ಮೊಣಕಾಲು ಎದೆಗೆ ಬರುತ್ತದೆ. ಅಷ್ಟು ಕಷ್ಟಪಟ್ಟು ಹತ್ತಿ ನೋಡಿದರೆ ಕೋಟೆ ಅಂತ ಉಳಿದಿರುವುದು ಒಂದು ಬಾಗಿಲು, ಒಂದು ಕೆರೆ, ಅರ್ಧ ಬಿದ್ದ ಗೋಡೆ. ಬಲ್ಲಾಳರ ಹಳೆಯ ಬೀಡಿನ ಮನೆಯಲ್ಲಿಯೇ ನಮ್ಮ ಚಿತ್ರಕಲೆಯ ಶಿಬಿರ. ಗಂಡಸರಿಗೆ ಉಪ್ಪರಿಗೆ, ಹೆಂಗಸರಿಗೆ ಕೆಳಗೆ ಚಾವಡಿಯಲ್ಲಿ ಸಾಲು ಚಾಪೆ. ಬೆಳಗ್ಗೆ ಗಂಜಿ ಉಂಡು ಹಲಗೆ ಹಿಡಿದುಕೊಂಡು ಹೊರಟರೆ ಕೆರೆಯ ದಂಡೆಯೋ, ಕೋಟೆ ಬಾಗಿಲೋ, ಎಲ್ಲಿ ನೆರಳು ಸಿಕ್ಕುತ್ತದೋ ಅಲ್ಲಿ ಕುಳಿತು ಬಿಡಿಸುವುದು. ಸಂಜೆ ಎಲ್ಲರ ಚಿತ್ರವನ್ನೂ ಜಗಲಿಯಲ್ಲಿ ಸಾಲಾಗಿ ಒರಗಿಸಿ ಇಡುತ್ತೇವೆ. ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಒಂದೊಂದರ ಎದುರೂ ನಿಲ್ಲುತ್ತಾರೆ. ಹರಿಪ್ರಸಾದ್ ಅಂತ ಹೆಸರು, ಪುತ್ತೂರಿನ ಕಡೆಯವರು. ಬೈಯುವುದಿಲ್ಲ, ಹೊಗಳುವುದೂ ಇಲ್ಲ. ತೀರಾ ಇಷ್ಟವಾದರೆ “ಇದು ಅಡ್ಡಿಲ್ಲ” ಅನ್ನುತ್ತಾರೆ, ಆ ಒಂದು ಮಾತಿಗೆ ನಾವೆಲ್ಲ ಹಗಲಿಡೀ ಬಿಸಿಲು ಕುಡಿಯುತ್ತೇವೆ. ನನ್ನ ಪಕ್ಕದ ಚಾಪೆ ಮುಫೀದಾಳದ್ದು. ಪುತ್ತೂರಿನವಳು, ಬಿ.ಎಡ್. ಓದುತ್ತಿದ್ದಾಳೆ, ನಿದ್ದೆಯಲ್ಲಿಯೂ ಮಾತಾಡುತ್ತಾಳೆ. ಬಂದ ದಿನವೇ ನನ್ನ ಹತ್ತಿರ ಊರು, ಮನೆ, ಗಂಡ, ಎಲ್ಲ ಕೇಳಿ ಮುಗಿಸಿದಳು. ನಾನೂ ಜಂಬದಿಂದ ಹೇಳಿದೆ, ನಮ್ಮವರು ಮಲಗಿದಲ್ಲಿಂದಲೇ ಅರ್ಜಿ ತರಿಸಿ ನನ್ನನ್ನು ಇಲ್ಲಿಗೆ ಕಳಿಸಿದ್ದಾರೆ ಅಂತ.

ಜಂಬ ಪಡದೆ ಏನು ಮಾಡಲಿ? ಬೇರೆ ಯಾರ ಗಂಡನಿಗೆ ಇಂಥದ್ದು ಹೊಳೆಯುತ್ತದೆ ಹೇಳಿ. ಕಳೆದ ಮಳೆಗಾಲದ ಆಟಿ ತಿಂಗಳಿಂದ ನಿಮ್ಮ ಮಂಚದ ಪಕ್ಕದಲ್ಲಿಯೇ ಇದ್ದವಳು ನಾನು. ಶಿವರಾತ್ರಿ ಕಳೆದ ಮೇಲೆ ಒಂದು ದಿನ ನೀವೇ ಹೇಳಿದಿರಿ, “ಹೋಗು ಮಾರಾಯ್ತಿ, ಡ್ರಾಯಿಂಗಿನಲ್ಲಿ ಹೈಯರ್ ಗ್ರೇಡ್ ಪಾಸಾದವಳು ಇಲ್ಲಿ ಗಂಜಿ ಬಟ್ಟಲು ತೊಳೆದುಕೊಂಡು ಕೂತಿದ್ದಿ. ಒಂದು ತಿಂಗಳು ಬಣ್ಣದಲ್ಲಿ ಕೈ ಆಡಿಸಿ ಬಾ.” ನಾನು ಹೂಂ ಅಂದಾಗ ನೀವು ನಕ್ಕಿರಿ. ಮರದಿಂದ ಬಿದ್ದ ಮೇಲೆ ನೀವು ನಕ್ಕಿದ್ದು ಅದೇ ಮೊದಲು. ಆ ನಗು ನೋಡಿಯೇ ನಾನು ಹೊರಟದ್ದು, ಇಲ್ಲದಿದ್ದರೆ ಬರುವವಳಲ್ಲ. ಬಿಸು ಹಬ್ಬದ ಬೆಳಗ್ಗೆ ಮುಳ್ಳುಸೌತೆ, ತೆಂಗಿನಕಾಯಿ, ಕನ್ನಡಿ ಎಲ್ಲ ಚೀಲದಲ್ಲಿ ಹಾಕಿ ತಂದು, ಎದ್ದ ಕೂಡಲೇ ಮೊದಲು ಅದೇ ಕಾಣಲಿ ಅಂತ ನಿಮ್ಮ ಮಂಚದ ಎದುರೇ ಕಣಿ ಇಟ್ಟೆನಲ್ಲ. ಕಣ್ಣು ಬಿಟ್ಟು ಕಣಿ ನೋಡಿದಿರಿ, ನನ್ನನ್ನೂ ನೋಡಿದಿರಿ. ನಾನು ಕಾಲಿಗೆ ಬಿದ್ದು ಎದ್ದಾಗ ಗೋಡೆ ಕಡೆಗೆ ಮುಖ ತಿರುಗಿಸಿ, “ಇನ್ನು ನೀನು ಇಲ್ಲಿಗೆ ಬರುದು ಬೇಡ” ಅಂದಿರಿ. ಪ್ರತಿ ಭಾನುವಾರ ಬೆಟ್ಟ ಇಳಿದು ಓಡಿಬರಬೇಡ, ಕಲಿಯುವಷ್ಟು ದಿನ ಕಲಿ ಅಂತ ಹೇಳುತ್ತಿದ್ದೀರಿ ಅಂದುಕೊಂಡೆ ನಾನು. ಆಗಲಿ ಅಂತ ತಲೆಯನ್ನೂ ಆಡಿಸಿದೆ.

ಮೊದಲ ವಾರದ ಮಾತು ನಿಮಗೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಕೇಳಿ. ನಾನಿಲ್ಲಿ ಸುಖವಾಗಿದ್ದೆ. ಚಾಪೆಗೆ ಒರಗಿದ ಕೂಡಲೇ ನಿದ್ದೆ ಬರುತ್ತಿತ್ತು. ಬೆಳಗ್ಗೆ ಎದ್ದರೆ ಯಾರನ್ನೂ ತಿರುಗಿಸಿ ಮಲಗಿಸುವುದಿಲ್ಲ, ಯಾರದ್ದೂ ಬಟ್ಟೆ ಬದಲಿಸುವುದಿಲ್ಲ, ಮೂಗಿಗೆ ಡೆಟ್ಟಾಲಿನ ವಾಸನೆಯಿಲ್ಲ. ಒಂದು ದಿನವಂತೂ ಕೋಟೆ ಬಾಗಿಲು ಬಿಡಿಸುತ್ತಾ ಕುಳಿತವಳಿಗೆ ಊಟದ ಗಂಟೆ ಹೊಡೆಯುವವರೆಗೆ ನಿಮ್ಮ ನೆನಪೇ ಬರಲಿಲ್ಲ. ಗಂಟೆ ಕೇಳಿದಾಗ ಥಟ್ಟನೆ ನೆನಪಾಗಿ ಅನ್ನ ಸೇರಲಿಲ್ಲ. ನೀರಿನ ಬಣ್ಣ ಮಾತ್ರ ನನ್ನ ಮಾತು ಕೇಳುವುದಿಲ್ಲ. ನಾನು ಏರಿಗೆಳೆದರೆ ಅದು ನೀರಿಗೆಳೆಯುತ್ತದೆ. ಬಿಳಿ ಬಣ್ಣದ ಕೊಳವೆಯನ್ನೇ ಮುಟ್ಟಬಾರದು ಅಂತ ಮೇಷ್ಟ್ರ ಕಟ್ಟಪ್ಪಣೆ. ಎಲ್ಲಿ ಬೆಳಕು ಬೇಕೋ ಅಲ್ಲಿ ಕಾಗದವನ್ನು ಖಾಲಿ ಬಿಡಬೇಕಂತೆ. ನನಗೆ ಖಾಲಿ ಬಿಡಲು ಬರುವುದಿಲ್ಲ, ಕೈ ತುರಿಸುತ್ತದೆ, ಹೋಗಿ ಬಳಿದೇ ಬಿಡುತ್ತೇನೆ.

ಕೆರೆಯ ದಂಡೆಯಲ್ಲಿ ಒಂದು ಮಾಸ್ತಿಕಲ್ಲು ಇದೆ. ಯಾವ ಕಾಲದಲ್ಲೋ ಯುದ್ಧಕ್ಕೆ ಹೋದ ಗಂಡ ತಿರುಗಿ ಬರಲಿಲ್ಲ ಅಂತ ಬೆಂಕಿಗೆ ಹಾರಿದ ಒಬ್ಬಳ ಕಲ್ಲು. ಅವಳ ಮುಖವನ್ನೇ ಕೆತ್ತಿಲ್ಲ. ಕಂಬದಿಂದ ಹೊರಟು ಮೇಲಕ್ಕೆ ಮಡಚಿದ ಒಂದು ಕೈ, ಕೈತುಂಬ ಬಳೆ, ಅಷ್ಟೇ. ಊರ ಹೆಂಗಸರು ಈಗಲೂ ಗಾಜಿನ ಬಳೆ ತಂದು ಅಲ್ಲಿ ಇಡುತ್ತಾರೆ. ನಾನು ಎರಡು ದಿನ ಕುಳಿತು ಅದನ್ನು ಬಿಡಿಸಿದೆ. ಸಂಜೆ ಮೇಷ್ಟ್ರು “ಅಡ್ಡಿಲ್ಲ” ಅಂದರು. ನನಗೆ ಆ ಕಲ್ಲಿನ ಮೇಲೆ ಯಾಕೋ ಸಿಟ್ಟು ಬಂತು, ಚಿತ್ರವನ್ನು ಚಾಪೆಯ ಅಡಿಗೆ ಹಾಕಿಬಿಟ್ಟೆ.

ಆಮೇಲಿನ ವಾರ ಇಲ್ಲಿಯ ಪ್ರಾಥಮಿಕ ಶಾಲೆಯ ಗೋಡೆಗೆ ದೊಡ್ಡ ಚಿತ್ರ ಬಿಡಿಸುವ ಕೆಲಸ. ಮೇಲೆ ಆಕಾಶ ಬರಬೇಕು. ಬಕೆಟ್ಟಿನಲ್ಲಿ ಸುಣ್ಣದ ನೀರಿಗೆ ನೀಲಿ ಪುಡಿ ಹಾಕಿ ಕಲಸುವುದನ್ನು ನನಗೆ ಒಪ್ಪಿಸಿದರು. ಕೋಲು ಹಾಕಿ ತಿರುವಿದೆ. ಸುಣ್ಣದ ಆ ಬಿಸಿ ವಾಸನೆ, ಆ ಬಣ್ಣ, ಕೈಗೆ ಏನಾಯಿತೋ. ಬುತ್ತಿ ತಂದ ಬುಟ್ಟಿಯಲ್ಲಿ ತರಕಾರಿ ಕೊಯ್ಯುವ ಕತ್ತಿ ಇತ್ತು, ಅದನ್ನು ತೆಗೆದು ಬಕೆಟ್ಟಿಗೆ ಅದ್ದಿ ಹಿಡಿದುಕೊಂಡು ನಿಂತೆ. ಎಲ್ಲರೂ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದಾರೆ. “ಎಂತ ಅಕ್ಕ, ಬಣ್ಣವನ್ನು ಕೊಯ್ಯುದಾ?” ಅಂದಳು ಮುಫೀದಾ. ನಾನೂ ಅವರ ಜೊತೆ ನಕ್ಕೆ. ನಗುತ್ತಲೇ ಕತ್ತಿಯನ್ನು ಹೊರಗೆ ತೆಗೆದು, ಅಲಗು ನೋಡಿ, ಚೊಕ್ಕ ಇದೆ ಅಂತ ಮೇಲಕ್ಕೆ ಎತ್ತಿ ತೋರಿಸಿದೆ. ಮೇಲೆ ಯಾರಿದ್ದಾರೆ? ಶಾಲೆಯ ಮಾಡಿನ ಹಂಚು ಇತ್ತು. ಎತ್ತಿದ ಕೈ ಇಳಿಸಲು ನನ್ನಿಂದ ಆಗಲಿಲ್ಲ, ಅಲ್ಲಿಯೇ ನಿಂತು ಅತ್ತೆ. ಇಷ್ಟು ತಿಂಗಳು ಆಸ್ಪತ್ರೆಯಲ್ಲಿ ಅಳದವಳು ಒಂದು ಬಕೆಟ್ ನೀಲಿ ಎದುರಿಗಿಟ್ಟುಕೊಂಡು ಅತ್ತೆ.

ಮುಫೀದಾಳಿಗೆ ಆಮೇಲೆ ವಿವರಿಸಿ ಹೇಳಬೇಕಾಯಿತು. ಅಡಿಕೆ ಮರಕ್ಕೆ ಬಿಡುವ ಮದ್ದೂ ಇದೇ ನೀಲಿ, ಮೈಲುತುತ್ತಿನ ನೀರೂ ಸುಣ್ಣದ ನೀರೂ ಸೇರಿಸಿ ಮಾಡುವುದು. ತುತ್ತು ಹೆಚ್ಚಾದರೆ ಅದ್ದಿದ ಕತ್ತಿಯ ಅಲಗು ಕೆಂಪಾಗುತ್ತದೆ, ಆಗ ಇನ್ನಷ್ಟು ಸುಣ್ಣ ಹಾಕಬೇಕು, ಇಲ್ಲದಿದ್ದರೆ ಮದ್ದು ಬಿದ್ದ ಹಿಂಗಾರದ ಹೂವೆಲ್ಲ ಸುಟ್ಟುಹೋಗುತ್ತದೆ. ಡ್ರಮ್ಮಿನ ಹತ್ತಿರ ಕಲಸುವವಳು ನಾನು, ಮರ ಹತ್ತಿ ಮದ್ದು ಬಿಡುವವರು ನಮ್ಮವರು. ನಾನು ಚೊಕ್ಕ ಕತ್ತಿ ಎತ್ತಿ ತೋರಿಸದೆ ಅವರು ಒಂದು ಮರಕ್ಕೂ ಮದ್ದು ಬಿಟ್ಟವರಲ್ಲ ಅಂತ ಹೇಳಿದೆ. ಅವಳು ಮಾತು ಬಿಟ್ಟು ಕೇಳಿದ್ದು ಅದೊಂದೇ ಸಲ. ನೀವು ಬಿದ್ದ ದಿನವೂ ಕತ್ತಿ ಚೊಕ್ಕವಾಗಿಯೇ ಇತ್ತು, ನೆನಪಿದೆಯಲ್ಲ? ಮದ್ದಿನಲ್ಲಿ ತಪ್ಪಿರಲಿಲ್ಲ, ನಿಮ್ಮ ಹಿಡಿತದಲ್ಲಿಯೂ ತಪ್ಪಿರಲಿಲ್ಲ. ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಹಿಡಿದ ಮರದ ತಲೆ ಒಳಗೇ ಕೊಳೆತಿತ್ತು. ಕೆಳಗಿನಿಂದ ನೋಡಿದರೆ ಅದು ಹಸಿರಾಗಿಯೇ ಕಾಣುತ್ತಿತ್ತು.

ಈಗ ಹೋದ ಭಾನುವಾರದ ವಿಷಯ. ಅಣ್ಣ ನನ್ನನ್ನು ನೋಡಲು ಬೆಟ್ಟ ಹತ್ತಿ ಬಂದಿದ್ದ, ಚೀಲದಲ್ಲಿ ಕಾಟು ಮಾವಿನಹಣ್ಣು, ಹಲಸಿನ ಚಿಪ್ಸು. ಬಂದವನು ಕುಳಿತಲ್ಲಿ ಕೂರಲಿಲ್ಲ, ಚಿತ್ರ ತೋರಿಸಿದರೆ ನೋಡಿದ ಹಾಗೆ ಮಾಡಿದ. ಕೊನೆಗೆ ಕೆರೆಯ ಹತ್ತಿರ ಕರೆದುಕೊಂಡು ಹೋಗಿ ಹೇಳಿದ. ನನ್ನ ಕಪಾಟು, ಹೊಲಿಗೆ ಮೆಶಿನು, ಸೀರೆ, ಮದುವೆಯಲ್ಲಿ ಕೊಟ್ಟ ಪಾತ್ರೆ, ಎಲ್ಲವನ್ನೂ ಪಿಕಪ್ಪಿನಲ್ಲಿ ಮಂಡೆಕೋಲಿನ ನಮ್ಮ ಮನೆಯಿಂದ ತವರಿಗೆ, ಕೆದಂಬಾಡಿಗೆ, ತಂದು ಹಾಕಿ ಆಗಿದೆಯಂತೆ. “ನಾನಾಗಿ ಮಾಡಿದ್ದಲ್ಲ ತಂಗಿ. ಭವಿತ್ ಭಾವನೇ ಕರೆಸಿ ಹೇಳಿದ್ದು. ಅವಳು ಬೆಟ್ಟದಲ್ಲಿರುವಾಗಲೇ ಸಾಗಿಸಿ, ಎದುರಿದ್ದರೆ ಬಿಡುದಿಲ್ಲ ಅಂತ.” ಶಿಬಿರದ ಅರ್ಜಿ ತರಿಸಿದ್ದೂ ಅದಕ್ಕೇ ಅಂತೆ. ಜೂನಿನಲ್ಲಿ ನಿಮ್ಮನ್ನು ಮನೆಗೆ ಕಳಿಸುತ್ತಾರಲ್ಲ, ಅಷ್ಟರೊಳಗೆ ನನಗೆ ನೀವಿಲ್ಲದೆ ಇದ್ದು ರೂಢಿಯಾಗಬೇಕಂತೆ. ನನಗೆ ಇನ್ನೂ ಪ್ರಾಯವಿದೆಯಂತೆ, ಮಕ್ಕಳಿಲ್ಲವಂತೆ, ಬೇರೆ ಕಡೆ ನೋಡಿ ಅಂತ ನೀವೇ ಅಣ್ಣನ ಕೈ ಹಿಡಿದು ಹೇಳಿದಿರಂತೆ. ಒಬ್ಬರು ಹೆಣ್ಣು ಕೇಳಿಯೂ ಇದ್ದಾರೆ ಅಂತ ಅಣ್ಣ ನೆಲ ನೋಡಿಕೊಂಡು ಹೇಳಿದ. ನಾನು ಕೈಯಲ್ಲಿದ್ದ ಮಾವಿನಹಣ್ಣನ್ನು ಕೆರೆಗೆ ಎಸೆದೆ. ಹತ್ತಿರ ನೀವಿದ್ದಿದ್ದರೆ ನಿಮ್ಮ ಮೇಲೆಯೇ ಎಸೆಯುತ್ತಿದ್ದೆ.

ಆ ನಗು ಇದಕ್ಕಾ? ನಾನು ಹೂಂ ಅಂದಾಗ ನಕ್ಕಿರಲ್ಲ, ಅದನ್ನು ಎಷ್ಟು ಸಲ ನೆನೆದುಕೊಂಡು ಖುಷಿಪಟ್ಟಿದ್ದೆ ನಾನು. ಅತ್ತೆ ಏನು ಹೇಳಿದರು ಅಂತ ಅಣ್ಣನನ್ನು ಕೇಳಿದೆ. ಅಂಗಳದಲ್ಲಿ ನಿಂತು “ಎಂಥ ಮಾಡ್ದು” ಅಂತ ಹೇಳಿದ್ದಷ್ಟೇ ಅಂತೆ. ಕಪಾಟು ಎತ್ತುವಾಗ ಒಳಗೆ ಹೋಗಿಬಿಟ್ಟರಂತೆ. ಅಟ್ಟದಲ್ಲಿದ್ದ ನನ್ನ ಬಣ್ಣದ ಪೆಟ್ಟಿಗೆಯನ್ನು ಮಾತ್ರ ಕೊಡಲಿಲ್ಲವಂತೆ, ಅದು ಇಲ್ಲಿರಲಿ ಅಂದರಂತೆ. ಮದುವೆಯಾದ ಹೊಸತರಲ್ಲಿ ಗೋಡೆಗೆಲ್ಲ ಚಿತ್ರ ಬರೆಯುತ್ತಾಳೆ ಅಂತ ನನಗೆ ಬೈದವರು ನಿಮ್ಮ ಅವ್ವ. ನಿಮ್ಮ ತಮ್ಮ ಪಿಕಪ್ಪಿಗೆ ಕೈಕೊಡದೆ ತೋಟದ ಕಡೆ ಹೋದನಂತೆ. ಮನೆಯಲ್ಲಿ ನಿಮ್ಮೊಬ್ಬರನ್ನು ಬಿಟ್ಟರೆ ಯಾರಿಗೂ ಈ ಕೆಲಸ ಬೇಕಾಗಿರಲಿಲ್ಲ.

ಅಡುಗೆ ಮಾಡುವ ದೇವಕಿಯಕ್ಕನಿಗೆ ಸಂಜೆಯೊಳಗೆ ಎಲ್ಲ ಗೊತ್ತಾಯಿತು, ಇಲ್ಲಿಯ ಗೋಡೆಗೂ ಕಿವಿ ಇದೆ. ತೆಂಗಿನಕಾಯಿ ತುರಿಯುತ್ತಾ, “ಬಿಡಬೇಡ ಮಗಾ, ನೀನು ನಮ್ಮ ಮಾಸ್ತಿಯಮ್ಮನ ಹಾಗೆ” ಅಂತ ಕಣ್ಣೊರೆಸಿಕೊಂಡರು. ನನಗೆ ಅವರ ಮೇಲೂ ಸಿಟ್ಟು ಬಂತು. ಒಬ್ಬರು ನನ್ನನ್ನು ಪಿಕಪ್ಪಿಗೆ ಹೇರಿ ತವರಿಗೆ ಕಳಿಸುತ್ತಾರೆ, ಇನ್ನೊಬ್ಬರು ಕಲ್ಲು ಮಾಡಿ ಕೆರೆಯ ದಂಡೆಯಲ್ಲಿ ನಿಲ್ಲಿಸುತ್ತಾರೆ. ದೀಕ್ಷಿತಾ, ನಿನಗೆ ಎಂತ ಬೇಕು ಅಂತ ಒಬ್ಬರಾದರೂ ಕೇಳಬೇಕಲ್ಲ? ಬೆಂಕಿಗೆ ಹಾರುವ ಜಾತಿಯವಳಲ್ಲ ನಾನು. ನನಗೆ ಸುಸ್ತಾಗುತ್ತದೆ, ಸಿಟ್ಟು ಬರುತ್ತದೆ. ನಿಮ್ಮ ಬಟ್ಟೆ ಒಗೆಯುವಾಗ ಇದೆಲ್ಲ ಯಾಕಪ್ಪಾ ನನಗೆ ಅಂತ ದೇವರನ್ನು ಬೈದದ್ದೂ ಇದೆ. ನಮಗೊಂದು ಮಗು ಆಗಲಿಲ್ಲ, ಇನ್ನು ಆಗುವುದೂ ಇಲ್ಲ ಅನ್ನುವುದು ಎದೆಯಲ್ಲಿ ಕೂತಿದೆ, ಅದು ಏಳುವುದಿಲ್ಲ. ನನಗೆ ಗೊತ್ತಿಲ್ಲದ ಯಾವ ಸಂಕಟವನ್ನೂ ಅಣ್ಣ ಹೊಸದಾಗಿ ಕಂಡುಹಿಡಿದಿಲ್ಲ, ನೀವೂ ಕಂಡುಹಿಡಿದಿಲ್ಲ. ಅದನ್ನೆಲ್ಲ ನಾನು ನಿಮಗಿಂತ ಮೊದಲೇ ಲೆಕ್ಕ ಹಾಕಿ ಮುಗಿಸಿದ್ದೇನೆ.

ಮಂಗಳವಾರ ಮೇಷ್ಟ್ರು ಎಲ್ಲರಿಗೂ ಒಂದೇ ಕೆಲಸ ಕೊಟ್ಟರು. ಫೋಟೋ ನೋಡದೆ, ನಿಮಗೆ ಅತಿ ಪರಿಚಯದ ಒಬ್ಬರನ್ನು ನೆನಪಿನಿಂದ ಬಿಡಿಸಿ ಅಂತ. ಮುಫೀದಾ ಅವಳ ಉಮ್ಮನನ್ನು ಬಿಡಿಸಲು ಕೂತಳು. ನಾನು ನಿಮ್ಮ ಮೇಲೆ ಇ‌ಷ್ಟು ಸಿಟ್ಟು ಇಟ್ಟುಕೊಂಡು ಬೇರೆ ಯಾರನ್ನು ಬಿಡಿಸಲಿ? ಕೂತೆ. ಮುಖ ಬರಲಿಲ್ಲ. ಬಂದರೂ ಗೋಡೆ ಕಡೆ ತಿರುಗಿದ ಮುಖವೇ ಬರುತ್ತಿತ್ತು, ಕಿವಿ ಮತ್ತು ಕೆನ್ನೆಯ ಒಂದು ತುಂಡು. ಮೂರು ಕಾಗದ ಹಾಳು ಮಾಡಿದೆ. ಆಮೇಲೆ ಹೊಳೆಯಿತು, ಮದುವೆಯಾದಲ್ಲಿಂದ ನಾನು ನಿಮ್ಮನ್ನು ಅತಿ ಹೆಚ್ಚು ನೋಡಿದ್ದು ಕೆಳಗಿನಿಂದ. ಡ್ರಮ್ಮಿನ ಹತ್ತಿರ ಕತ್ತು ನೋಯುವವರೆಗೆ ತಲೆ ಎತ್ತಿ ನಿಂತರೆ ನನಗೆ ಕಾಣುತ್ತಿದ್ದದ್ದು ನಿಮ್ಮ ಎರಡು ಅಂಗಾಲು. ಅದನ್ನೇ ಬಿಡಿಸಿದೆ. ಒಂದು ಸಲವೂ ಅಳಿಸದೆ ಬಂತು. ಮರ ಹತ್ತುವಾಗ ಪಾದಕ್ಕೆ ಹಾಕುವ ತಳೆಯ ಹಗ್ಗ ಉಜ್ಜಿ ಉಜ್ಜಿ ದಡ್ಡುಗಟ್ಟಿದ ಬದಿ, ಎಡಗಾಲಿನ ಹಿಮ್ಮಡಿಯ ಬಿರುಕು, ಆ ಬಿರುಕಿನೊಳಗೆ ದೀಪಾವಳಿಯವರೆಗೂ ಹೋಗದೆ ಕೂರುತ್ತಿದ್ದ ಮದ್ದಿನ ನೀಲಿ. ಮೇಷ್ಟ್ರು ಹೇಳಿಕೊಟ್ಟ ಹಾಗೆ ಸುತ್ತ ಆಕಾಶದ ಜಾಗವನ್ನು ಖಾಲಿ ಬಿಟ್ಟೆ. ಮೊದಲ ಸಲ ಖಾಲಿ ಬಿಡಲು ಬಂತು.

ಸಂಜೆ ಮೇಷ್ಟ್ರು ಅದರ ಎದುರು ನಿಂತವರು ಮುಂದೆ ಹೋಗಲಿಲ್ಲ. “ಯಾರದ್ದು?” ಅಂತ ಕೇಳಿದರು. ನಮ್ಮವರದ್ದು ಅಂದೆ. ಅಡ್ಡಿಲ್ಲ ಅನ್ನಲಿಲ್ಲ. “ಇದನ್ನು ಈ ಸಾಲಿನಲ್ಲಿ ಇಡುದು ಬೇಡ, ನೀವೇ ಇಟ್ಟುಕೊಳ್ಳಿ” ಅಂತ ತೆಗೆದು ನನ್ನ ಕೈಗೆ ಕೊಟ್ಟರು. ಈಗ ಆ ಬಿರುಕು ಇಲ್ಲ. ನೆಲ ಮುಟ್ಟದ ಕಾಲು ಎಷ್ಟು ಮೆತ್ತಗಾಗಿದೆ ಅಂತ ನಿಮಗೆ ಗೊತ್ತೇ ಇಲ್ಲ, ಎಳೆಮಗುವಿನ ಪಾದದ ಹಾಗೆ ಆಗಿದೆ. ಎಣ್ಣೆ ತಿಕ್ಕುವಾಗ “ಈಗ ಹಿಮ್ಮಡಿ, ಈಗ ಬೆರಳು” ಅಂತ ನಾನು ಬಾಯಲ್ಲಿ ಹೇಳಿಕೊಂಡೇ ತಿಕ್ಕುವುದು ಯಾಕೆ ಅಂತ ಒಮ್ಮೆ ಕೇಳಿದ್ದಿರಿ. ಹೇಳದಿದ್ದರೆ ನಾನು ಮುಟ್ಟಿದ್ದು ನಿಮಗೆ ತಿಳಿಯುವುದಿಲ್ಲವಲ್ಲ, ಅದಕ್ಕೆ. ಈ ತಿಂಗಳು ಆ ಕಾಲು ಯಾರು ತಿಕ್ಕುತ್ತಿದ್ದಾರೋ, ಹೇಳಿಕೊಂಡು ತಿಕ್ಕುತ್ತಾರೋ ಇಲ್ಲವೋ ಅಂತ ಯೋಚನೆಯಾಗುತ್ತದೆ.

ಕೈಯ ಬಣ್ಣ ಕಾಗದಕ್ಕೆಲ್ಲ ಹತ್ತಿದೆ, ಸಂಭಾಳಿಸಿಕೊಂಡು ಓದಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಕೈಗೆ ಕೊಟ್ಟ ವ್ಯಾಯಾಮ ತಪ್ಪಿಸಬೇಡಿ. ಇಷ್ಟು ಹೊತ್ತು ಪಕ್ಕದಲ್ಲಿ ಕುಳಿತ ಇಬ್ರಾಹಿಂ ಅವರಿಗೆ ನನ್ನ ನಮಸ್ಕಾರ, ಇನ್ನು ಎದ್ದು ಹೋಗಬಹುದು ಅಂತ ಹೇಳಿ. ನಮ್ಮ ಮನೆಯ ದೈವ ನಿಮ್ಮ ತಲೆ ಕಾಯಲಿ, ಆ ತಲೆಯೊಳಗೆ ಸ್ವಲ್ಪ ಒಳ್ಳೆ ಬುದ್ಧಿಯನ್ನೂ ಹಾಕಲಿ.

ನಿಮ್ಮ,
ದೀಕ್ಷಿತಾ

ತಾ.ಕ.: ಟಪಾಲು ಒಯ್ಯುವ ಜೀಪು ಕೆಳಗೆ ಹಾರ್ನು ಹೊಡೆಯುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹದಿನೆಂಟಕ್ಕೆ, ಭಾನುವಾರ, ಶಿಬಿರ ಮುಗಿಯುತ್ತದೆ. ಕೆದಂಬಾಡಿಗೆ ಕರೆದುಕೊಂಡು ಹೋಗಲು ಬರುತ್ತೇನೆ ಅಂದ ಅಣ್ಣನಿಗೆ ಬೇಡ ಅಂದಿದ್ದೇನೆ. ಬಸ್ಸಿನಲ್ಲಿ ಪುತ್ತೂರಿಗೆ ಇಳಿದು ಅಲ್ಲಿಂದ ಆಟೋ ಹಿಡಿದು ಆಸ್ಪತ್ರೆಗೆ, ನಿಮ್ಮಲ್ಲಿಗೇ ಬರುತ್ತೇನೆ. ನಿಮ್ಮನ್ನು ಬಿಟ್ಟು ಇರಲು ನನ್ನಿಂದಾಗುತ್ತದಾ ಅಂತ ನೋಡಲು ತಾನೇ ಕಳಿಸಿದ್ದು? ಆಗುತ್ತದೆ. ಆಗುತ್ತದೆ ಅಂತ ಗೊತ್ತಾದ ಮೇಲೆಯೂ ಬರುತ್ತಿದ್ದೇನೆ. ಬಿಸುವಿನ ದಿನ ನೀವು ಹೇಳಿದ್ದು ಗೋಡೆಗೆ, ನನಗಲ್ಲ. ನನಗೇ ಹೇಳುವುದಿದ್ದರೆ ನನ್ನ ಮುಖ ನೋಡಿ ಹೇಳಿ. ಹಾಗೆ ಹೇಳಿದರೆ ಹೋಗುತ್ತೇನೆ, ಮಾತು ಕೊಟ್ಟೆ. ಆದರೆ ಆಟೋದವನಿಗೆ ಕಾಯಲು ಹೇಳುವುದಿಲ್ಲ.